ಚರಗದಲ್ಲಿ ಬೆರೆತ ಹೂವು

ಬೆಳಿಗ್ಗೆ ನಿನ್ನೆಯ ಸೀರೆಯನ್ನು ಬಕೆಟ್ಟಿನಲ್ಲಿ ನೆನೆಹಾಕುತ್ತಿದ್ದೆ. ನೆರಿಗೆಯೊಳಗಿಂದ ಚಟ್ ಎಂದು ಏನೋ ಸಿಡಿದು ಮೂಗಿಗೆ ಬಡಿಯಿತು. ಒಬ್ಬಳೇ ಕೂತು ನಕ್ಕೆ. ಹುಚ್ಚು ಹಿಡಿದಿದೆ ಅನ್ನಬೇಡಿ, ಕಾರಣ ಹೇಳುತ್ತೇನೆ.

ಅದು ಪಟಾಕಿ ಗಿಡದ ಒಣಗಾಯಿ. ನೀರು ತಾಗಿದರೆ ಸಿಡಿದು ಬೀಜ ಹಾರಿಸುತ್ತದೆ. ಗಿಡ ಹೊರದೇಶದ್ದು, ನೇರಳೆ ಹೂವಿನ ಚೆಲುವೆ. ನನ್ನ ಸೋದರತ್ತೆ ಶಾಂತಮ್ಮ ಲಿಂಗಪೂಜೆಗೆ ದಿನಾ ಹೂ ಬೇಕೆಂದು ಜೇವರ್ಗಿಯಿಂದ ಒಂದು ಕುಂಡ ತಂದಿದ್ದಳು. ಅದು ಅಂಗಳ ತುಂಬಿತು, ಆಮೇಲೆ ಓಣಿಗೂ ಇಳಿಯಿತು. ಅತ್ತೆಯ ಖುಷಿಗೆ ಮಿತಿಯಿಲ್ಲ.

ನಿಂಬರ್ಗಾ ಕಡೆಯ ಅವಳ ಹೊಲಕ್ಕೆ ಹೊಂದಿಕೊಂಡೇ, ಚಿಗರಿ ಜಿಂಕೆಗಳು ಮೇಯಲೆಂದು ಅರಣ್ಯ ಇಲಾಖೆ ಕಾಯ್ದಿಟ್ಟ ಹುಲ್ಲುಗಾವಲು. ಎಳ್ಳಮಾವಾಸ್ಯೆಗೆ ಭೂಮಿತಾಯಿಯ ಎಡೆಯೆಂದು ಹೊಲದ ಸುತ್ತ ಚರಗ ಚೆಲ್ಲುವಾಗ ಮುಂದಿನವರು ಭಜ್ಜಿ, ಕಡುಬು ಎರಚುತ್ತಾರೆ, ಹಿಂದಿನವರು ನೀರು ಚಿಮುಕಿಸುತ್ತಾರೆ. ಭೂಮಿತಾಯಿ ಬರೀ ಉಂಡರೆ ಸಾಕೇ, ಮುಡಿಯಲು ಹೂ ಬೇಡವೇ ಎಂದು ಅತ್ತೆ ಒಂದು ವರ್ಷ ಚರಗದಲ್ಲಿ ಬೊಗಸೆ ಪಟಾಕಿ ಕಾಯಿ ಬೆರೆಸಿಬಿಟ್ಟಳು. ನೀರಿನ ತಂಬಿಗೆ ನನ್ನದು. ಚಿಮುಕಿಸಿದಂತೆಲ್ಲ ಚಟಪಟ! ಕಡುಬೇ ಸಿಡಿಯಿತೆಂದು ಮಾವ ಹಾರಿಬಿದ್ದರು. ನಾವಿಬ್ಬರೂ ಹೊಟ್ಟೆ ಹಿಡಿದು ನಗುತ್ತ ಬೇಲಿಯಾಚೆಗೂ ಕೈಬೀಸಿ ಎರಚಿದೆವು.

ಈಗ ಬೇಲಿಯಾಚೆ ಹುಲ್ಲಿಗಿಂತ ನೇರಳೆ ಹೂವೇ ಹೆಚ್ಚು. ಹೊಲ ಪಾಲಿಗೆ ಕೊಟ್ಟ ಮೇಲೆ ಅತ್ತೆ ಆ ಕಡೆ ಹೋಗಿರಲಿಲ್ಲ. ಎರಡು ವರ್ಷದಿಂದ ಗೊತ್ತಿದ್ದೂ ನಾನು ಹೇಳಿರಲಿಲ್ಲ. ಎಪ್ಪತ್ತು ದಾಟಿದವಳು, ಎದೆ ಒಡೆದುಕೊಂಡಾಳು ಎಂಬ ಭಯ. ಹೋಗೋಣವೆಂದಾಗೆಲ್ಲ ಬಿಸಿಲು, ಬಸ್ಸು, ನನ್ನ ಮೊಣಕಾಲು ಎಂದು ಏನಾದರೊಂದು ನೆಪ ತೆಗೆಯುತ್ತಿದ್ದೆ.

ನಿನ್ನೆ ಅವಳು ನನ್ನನ್ನು ಕೇಳದೆ ಆಟೊ ಹತ್ತಿದಳು. ನಾನೂ ಹಿಂದೆಯೇ ಹಾರಿ ಕೂತೆ. ಹೂವಿನ ಬಯಲು ಕಂಡದ್ದೇ ತಡ, ಅತ್ತೆ ಚಪ್ಪಾಳೆ ತಟ್ಟಿದಳು, ಕುಣಿಯುವುದೊಂದು ಬಾಕಿ. ಅಲ್ಲಿ ಗಿಡ ಕೀಳುತ್ತಿದ್ದ ಫಾರೆಸ್ಟ್ ಗಾರ್ಡ್, ಹುಲ್ಲಿಲ್ಲದೆ ಚಿಗರಿಗಳು ಈ ಕಡೆ ಬರುವುದನ್ನೇ ಬಿಟ್ಟಿವೆ, ಯಾವ ಪುಣ್ಯಾತ್ಮರು ತಂದು ಹಾಕಿದರೋ ಎಂದ. ಅತ್ತೆಯ ಚಪ್ಪಾಳೆ ನಿಂತಿತು.

"ನಾನಽ ಹಾಕೇನ್ರಿ," ಎಂದಳು. ನನ್ನತ್ತ ಬೆರಳು ತೋರಿಸಿ, "ನೀರ ಹಾಕಿದಾಕಿ ಇಕಿ."

ಗಾರ್ಡ್ ನನ್ನತ್ತ ತಿರುಗುವಷ್ಟರಲ್ಲಿ ಅತ್ತೆ ಆಗಲೇ ಸೆರಗು ಸಿಕ್ಕಿಸಿ ಗಿಡ ಕೀಳಲು ಕೂತಾಗಿತ್ತು. ಹೂವು ಉಡಿಗೆ, ಗಿಡ ಬೇರುಸಹಿತ ಗಾರ್ಡ್ ತಂದಿದ್ದ ಗೋಣಿಚೀಲಕ್ಕೆ. ನಾನು ನಾಲ್ಕು ಗಿಡಕ್ಕೇ ಸೊಂಟ ಹಿಡಿದುಕೊಂಡೆ. ಅವಳು ಎರಡು ಚೀಲ ತುಂಬಿದಳು. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳಿದಾಗ ಸುಳ್ಳು ಹೊಳೆಯಲಿಲ್ಲ. ಎರಡು ವರ್ಷದಿಂದ ಗೊತ್ತಿತ್ತು, ನೀನು ತಡೆದುಕೊಳ್ಳುವುದಿಲ್ಲ ಅಂದುಕೊಂಡಿದ್ದೆ ಎಂದೆ.

"ಎರಡ ವರ್ಷದ ಗಿಡ ಹೆಚ್ಚಾತಲ್ಲ ಬೇ," ಎಂದಳು ಅಷ್ಟೇ.

ಇಗೋ, ಬಾಗಿಲಲ್ಲಿ ಆಟೊ ಬಂದು ನಿಂತಿದೆ. ಅತ್ತೆ ಒಳಗೆ ಕೂತು ನನ್ನ ಹೆಸರು ಕೂಗುತ್ತಿದ್ದಾಳೆ, ತೊಡೆಯ ಮೇಲೆ ಎರಡು ಖಾಲಿ ಗೋಣಿಚೀಲ. ಒಂದು ನನ್ನದಂತೆ.