ಪ್ಲಗ್ಗಿಲ್ಲದ ಮನೆಗೆ ಹೈಬ್ರಿಡ್ ಕಾರು

ಡ್ರೈವಿಂಗ್ ಶಾಲೆಯಲ್ಲಿ ಇಪ್ಪತ್ತಾರು ವರ್ಷ ಪಕ್ಕದ ಸೀಟಿನಲ್ಲಿ ಕೂತು ಕಲಿಸಿದ ಆ ಹೆಂಗಸಿಗೆ ಶಿಷ್ಯರೇ ಇಟ್ಟ ಹೆಸರು ಬ್ರೇಕಮ್ಮ. ಅಷ್ಟು ವರ್ಷ ಕಳೆಯುವ ಹೊತ್ತಿಗೆ ಮನುಷ್ಯರ ಮೇಲೆ ಆಕೆಗೆ ಉಳಿದಿದ್ದ ಗೌರವ ಸಾಸಿವೆಕಾಳಿನಷ್ಟು. ಸ್ಟಿಯರಿಂಗ್ ಕೈಗೆ ಸಿಕ್ಕಿದರೆ ಮೇಷ್ಟ್ರು, ಡಾಕ್ಟರು, ವಕೀಲರು ಎಲ್ಲರೂ ಒಂದೇ ಅಚ್ಚಿನ ಮೂರ್ಖರು ಎಂಬುದನ್ನು ಆಕೆ ಕಣ್ಣಾರೆ ಕಂಡಿದ್ದಳು. ಶಾಲೆ ಮುಚ್ಚಿದ ಮೇಲೆ, ಕಾರು ಕೊಳ್ಳುವವರ ಜೊತೆ ಷೋರೂಮಿಗೆ ಹೋಗಿ ಗಾಡಿ ಪರೀಕ್ಷಿಸಿ ಬೇಕೋ ಬೇಡವೋ ಹೇಳುವ ಕೆಲಸ ಹಿಡಿದಳು. ಅಲ್ಲೂ ಅದೇ ಹಾಡು. "ಚಪ್ಪಲಿ ಕೊಳ್ಳೋವಾಗ ನಾಲ್ಕು ಹೆಜ್ಜೆ ನಡೆದು ನೋಡ್ತಾರೆ, ಕಾರು ಕೊಳ್ಳೋವಾಗ ಅದರ ಗಾಜಲ್ಲಿ ತಮ್ಮ ಮುಖ ನೋಡ್ಕೋತಾರೆ," ಎಂದು ತಂಗಿಯ ಹತ್ತಿರ ಹೇಳುತ್ತಿದ್ದಳು.

ಟೈಲ್ಸ್ ಅಂಗಡಿಯ ಯಜಮಾನನೊಬ್ಬ ಕರೆಸಿದ್ದು ಒಂದು ದುಬಾರಿ ಹೈಬ್ರಿಡ್ ಎಸ್‌ಯುವಿ ನೋಡಲಿಕ್ಕೆ. ಪ್ಲಗ್ಗಿಗೆ ಹಾಕಿ ಚಾರ್ಜ್ ಮಾಡಿದರೆ ಒಂದಷ್ಟು ದೂರ ಬ್ಯಾಟರಿಯಲ್ಲಿ, ಆಮೇಲೆ ಪೆಟ್ರೋಲಿನಲ್ಲಿ ಓಡುವ ಗಾಡಿ. ಅವನ ಷಡ್ಡಕ ಹಿಂದಿನ ತಿಂಗಳು ದೊಡ್ಡ ಕಾರು ಕೊಂಡಿದ್ದ. ಅದಕ್ಕಿಂತ ಗೇಣುದ್ದ ಹೆಚ್ಚಿನದು ಇವನಿಗೆ ಬೇಕಿತ್ತು. ಇದನ್ನು ಅವನು ಹೇಳಲಿಲ್ಲ. ಷೋರೂಮಿನ ಸೋಫಾದಲ್ಲಿ ಕೂತಿದ್ದ ಅವನ ಹೆಂಡತಿ, ಹೊರಗೆ ಬಿಸಿಲಿದೆ ಎನ್ನುವಷ್ಟು ಸಹಜವಾಗಿ ಹೇಳಿದಳು.

"ಒಳಗಿನ ಲೈಟು ಅರವತ್ನಾಲ್ಕು ಬಣ್ಣ ಬದಲಾಯಿಸುತ್ತೆ ಮೇಡಂ," ಎಂದ ಸೇಲ್ಸಿನವನು.

"ಬ್ರೇಕು?"

ಅವನು ತಮಾಷೆಯೆಂದು ತಿಳಿದು ನಕ್ಕ. ಬ್ರೇಕಮ್ಮ ನಗಲಿಲ್ಲ. ಯಜಮಾನನನ್ನೇ ಕೊನೆಯ ಸಾಲಿನ ಸೀಟಿಗೆ ಹತ್ತಿಸಿದಳು. ಮಂಡಿ ಗದ್ದಕ್ಕೆ ತಾಗಿತು. ಇಳಿಯಬೇಕೆಂದರೆ ಮುಂದಿನ ಸೀಟು ಸರಿಯಬೇಕು. ಅದು ಸರಕಾರಿ ಕಡತದ ಹಾಗೆ ತನ್ನ ಪಾಡಿಗೆ ಸರಿಯುತ್ತಿತ್ತು. ಒಳಗಿನಿಂದಲೇ ಯಜಮಾನ ಹೇಳಿದ, "ಜಾಗ ಚೆನ್ನಾಗಿದೆ."

ಆಮೇಲೆ ಆಕೆ ಗಾಡಿ ಓಡಿಸಿ ನೋಡಿದಳು. ಸದ್ದಿಲ್ಲದೆ ಹೊರಟಿತು, ಹಳ್ಳದಿಣ್ಣೆ ಮೈಗೆ ತಾಗಲಿಲ್ಲ, ಅಷ್ಟು ಭಾರದ ಮೈ ತಿರುವಿನಲ್ಲಿ ಓಲಾಡಲೂ ಇಲ್ಲ. ಆಸ್ಪತ್ರೆಯ ಏರು ಬಂದಾಗ ಬ್ಯಾಟರಿ ಮುಗಿದು, ಇಂಜಿನ್ ನಿದ್ದೆಗೆಟ್ಟ ಮಾವನ ಹಾಗೆ ಗುರುಗುಟ್ಟಿತು. ಬ್ರೇಕ್ ಒತ್ತಿದರೆ ಮೊದಲು ಏನೂ ಇಲ್ಲ, ಆಮೇಲೆ ಒಮ್ಮೆಲೇ ಕಚ್ಚುತ್ತಿತ್ತು. ಅಭ್ಯಾಸವಾದರೆ ಸರಿಹೋಗುವ ವಿಷಯ. ಗಾಡಿಯ ಬಗ್ಗೆ ಆಕೆಗೆ ತಿರಸ್ಕಾರವಿರಲಿಲ್ಲ. ಅದು ತಾನಾಗಿ ಹೋಗಿ ಯಾರನ್ನೂ ಕೊಳ್ಳುವುದಿಲ್ಲವಲ್ಲ.

"ದಿನಕ್ಕೆ ಎಷ್ಟು ಓಡಾಟ?" ಎಂದು ಕೇಳಿದಳು.

"ಅಂಗಡಿಗೆ ಹೋಗಿಬರೋದು. ನಾಲ್ಕು ಕಿಲೋಮೀಟರು."

"ಚಾರ್ಜ್ ಎಲ್ಲಿ ಹಾಕ್ತೀರಿ?"

"ಮನೆ ನಾಲ್ಕನೇ ಮಹಡಿ. ಕೆಳಗೆ ಪಾರ್ಕಿಂಗಲ್ಲಿ ಪ್ಲಗ್ ಇಲ್ಲ. ಹಾಕಿಸ್ಕೊಂಡ್ರಾಯ್ತು."

"ಮಿಕ್ಕ ಮನೆಯವರು ಒಪ್ಪಬೇಕಲ್ಲ."

"ನಾನು ಹೇಳಿದ್ಮೇಲೆ ಒಪ್ಪದೆ ಏನು?"

"ನೋಡಿ, ಗಾಡಿ ಒಳ್ಳೇದೇ, ನಿಮಗಲ್ಲ. ಚಾರ್ಜ್ ಇಲ್ಲದೆ ಓಡಿಸಿದ್ರೆ ಆ ಬ್ಯಾಟರಿ, ನಾಲ್ಕು ಮೂಟೆ ಸಿಮೆಂಟು ಹೊತ್ಕೊಂಡು ತಿರುಗಿದ ಹಾಗೆ. ಮೊದಲು ಪ್ಲಗ್ ಆಗಲಿ, ಆಮೇಲೆ ಗಾಡಿ."

ಯಜಮಾನ ತಲೆಯಾಡಿಸಿ ಸೇಲ್ಸಿನವನ ಕಡೆ ತಿರುಗಿದ. "ಕಪ್ಪು ಬಣ್ಣದಲ್ಲಿ ಸಿಗುತ್ತಾ?"

ಕೋಣನ ಮುಂದೆ ಕಿನ್ನರಿ ಎಂದುಕೊಂಡು ಬ್ರೇಕಮ್ಮ ಬಸ್ಸು ಹತ್ತಿದಳು.

ಎರಡು ತಿಂಗಳಾದ ಮೇಲೆ ಅವನ ಹೆಂಡತಿ ಒಬ್ಬಳೇ ಬ್ರೇಕಮ್ಮನ ಮನೆ ಹುಡುಕಿಕೊಂಡು ಬಂದಳು. ಡ್ರೈವಿಂಗ್ ಕಲಿಯಬೇಕೆಂದಳು.

"ಯಜಮಾನರು ಓಡಿಸಲ್ವಾ?"

"ಎರಡನೇ ದಿನವೇ ಪಾರ್ಕಿಂಗಿನ ಕಂಬಕ್ಕೆ ಉಜ್ಜಿದ್ರು. ಅವತ್ತಿಂದ ಮಂಡಿನೋವು ಅಂತಾರೆ."

ಪ್ಲಗ್ಗಿಗೆ ಮಿಕ್ಕ ಮನೆಯವರು ಒಪ್ಪಿರಲಿಲ್ಲ. ಸಭೆಯಲ್ಲಿ ಇವನು ಕೂಗಾಡಿದ್ದ, ಆನೆ ತಂದು ಅಂಕುಶಕ್ಕೆ ಜಗಳ. ಕೊನೆಗೆ ಚಾರ್ಜ್ ಹಾಕುವ ಜಾಗ ಸಿಕ್ಕಿದ್ದು ಅವಳ ಅಕ್ಕನ ಮನೆಯ ಅಂಗಳದಲ್ಲಿ.

"ಅಂದ್ರೆ, ಷಡ್ಡಕರ ಮನೇಲಿ," ಎಂದಳು ಬ್ರೇಕಮ್ಮ, ಒಂದೊಂದೇ ಮಾತು ಸವಿಯುತ್ತ.

"ಹೂಂ. ಭಾನುವಾರ ಭಾವನೇ ಬಂದು ಕಾರು ತಗೊಂಡು ಹೋಗ್ತಾರೆ, ಸಂಜೆ ತಂದು ನಿಲ್ಲಿಸ್ತಾರೆ. ಇವರು ಬಾಗಿಲು ಹಾಕ್ಕೊಂಡು ಮಲಗಿಬಿಡ್ತಾರೆ. ಅದಕ್ಕೇ, ನಾನೇ ಓಡಿಸೋಣ ಅಂತ."

ಬ್ರೇಕಮ್ಮ ತನ್ನ ತಂಗಿಯ ಹಳೇ ಕಾರಿನಲ್ಲಿ ಕಲಿಸಿದಳು. ಈ ಹೆಂಗಸು ಬಡಾಯಿ ಕೊಚ್ಚಲಿಲ್ಲ, ಕಿರುಚಲಿಲ್ಲ; ತಿಳಿಯದ್ದನ್ನು ಕೇಳಿ ತಿಳಿದು, ತಪ್ಪಿದ್ದನ್ನು ಮತ್ತೆ ಮಾಡಿದಳು. ಮೂರನೇ ವಾರಕ್ಕೆ ದೊಡ್ಡ ಗಾಡಿಯನ್ನು ಆ ಕಂಬಗಳ ನಡುವಿನಿಂದ ನೀರಿನ ಹಾಗೆ ಹೊರತಂದಳು. ಬ್ರೇಕಮ್ಮನಿಗೆ ಹೊಗಳಲು ಬಾಯಿ ಬರಲಿಲ್ಲ, ರೂಢಿಯಿರಲಿಲ್ಲ. "ಪರವಾಗಿಲ್ಲ," ಎಂದಳು. ಆಮೇಲೆ ತಂಗಿಗೆ ಫೋನ್ ಮಾಡಿ, "ಇಷ್ಟು ವರ್ಷಕ್ಕೆ ಒಬ್ಬಳು ಸಿಕ್ಕಿದ್ಲು ಕಣೇ," ಎಂದಳು.

ಮರುವಾರ ಯಾರೋ ಬಟ್ಟೆ ವ್ಯಾಪಾರಿ ಫೋನ್ ಮಾಡಿದ. "ಟೈಲ್ಸ್ ಯಜಮಾನರು ನಂಬರ್ ಕೊಟ್ರು. ಅವರ ಕಾರು ಪರೀಕ್ಷೆ ಮಾಡಿ ನೀವೇ ಆರಿಸಿಕೊಟ್ಟಿದ್ದಂತೆ. ನನಗೂ ಅಂಥದ್ದೇ ಬೇಕು."

ಬ್ರೇಕಮ್ಮ ಬಾಯಿಗೆ ಬಂದದ್ದನ್ನು ನುಂಗಿಕೊಂಡು, ಷೋರೂಮಿಗೆ ಎಷ್ಟು ಗಂಟೆಗೆ ಬರಬೇಕು ಎಂದು ಕೇಳಿದಳು.