ಬಾಗಿಲಲ್ಲಿ ನಿಲ್ಲುತ್ತಿದ್ದವನು

೨೦೦೦ನೇ ಇಸವಿಗೆ ಕಂಪ್ಯೂಟರುಗಳೆಲ್ಲ ಕೆಡುತ್ತವೆಂದು ಹೆದರಿದ್ದ ವೈಟುಕೆ ಕಾಲದಲ್ಲಿ, ಅಮೆರಿಕದ ಪಾರ್ಸಿಪನಿಯ ಆಫೀಸಿನಲ್ಲಿ ನನ್ನ ಜೊತೆಗಿದ್ದ ಸ್ವೀಡನ್ನಿನವನು ತೆರೆದ ಬಾಗಿಲಲ್ಲೂ ನಿಂತು, "ಮೇ ಐ ಕಮ್ ಇನ್?" ಎನ್ನುತ್ತಿದ್ದ. "ನಮ್ ಕಾನ್ವೆಂಟಲ್ಲೇ ಓದಿರ್ಬೇಕು ಕಣೋ," ಎಂದು ನಾವು ಕನ್ನಡಿಗರು ನಗುತ್ತಿದ್ದೆವು.

ನಾನು ಅವನನ್ನು ಮನೆಗೆ ಊಟಕ್ಕೆ ಕರೆದಾಗ, ಬರುವ ಮೊದಲೇ ಒಂದು ವಿಷಯ ಹೇಳಬೇಕು ಎಂದ. ಹದಿಹರೆಯದಲ್ಲಿ ಅವನು ತನ್ನೂರಿನ ನವನಾಜಿ ಗುಂಪಿನಲ್ಲಿದ್ದ. ಒಂದು ವ್ಯಾನು ತುಂಬುವಷ್ಟು ಹುಡುಗರು, ವಲಸೆ ಬಂದವನೊಬ್ಬನ ಅಂಗಡಿಗೆ ನುಗ್ಗಿ ಎಲ್ಲವನ್ನೂ ಒಡೆದಿದ್ದರು. ಆಮೇಲೆ ಒಬ್ಬನಿಗೆ ಕೆಲಸ ಸಿಕ್ಕಿತು, ಒಬ್ಬನಿಗೆ ಮಗುವಾಯಿತು. ಉಳಿದವರು ನಾಯಕ ಯಾರೆಂದು ಜಗಳವಾಡಿ ಚದುರಿದರು. ಇವನೊಬ್ಬ ಆ ಅಂಗಡಿಗೆ ಮರಳಿ ಹೋಗಿ, ಬಾಗಿಲಲ್ಲೇ ನಿಂತು ಕ್ಷಮೆ ಕೇಳಿದ್ದ.

ಮನೆಯಲ್ಲಿ ಹೇಳಿದೆ. "ಮಗು ಇರೋ ಮನೆ ರೀ," ಎಂದ ಹೆಂಡತಿ ಒಳಗೆ ಹೋಗಿ ಮಲಗಿದ್ದ ಮಗುವಿನ ಹೊದಿಕೆ ಸರಿಮಾಡಿ ಬಂದಳು. ಕೊನೆಗೆ, "ಹೇಳ್ದೇನೇ ಬರ್ಬಹುದಿತ್ತಲ್ಲ ಅವ್ರು. ಬರ್ಲಿ ಬಿಡಿ. ಖಾರ ತಿಂತಾರಾ ಕೇಳಿ," ಎಂದಳು.