ಬೆನ್ನಿಗೆ ಸೆಂಟ್ರಿಂಗ್

ಅಥಣಿ ರಸ್ತೆಯಲ್ಲಿ ನಮ್ಮ ಮನೆ ಕಟ್ಟಿದ ಗೌಂಡಿ ಕನಮಡಿ ಕಡೆಯವರು. ಸ್ಲ್ಯಾಬ್ ಹಾಕಿದ ಮೂರನೆಯ ದಿನವೇ ನಾನು, ಅದಕ್ಕೆ ಆನಿಸಿದ ಕಂಬ ಹಲಗೆಗಳನ್ನು ತೋರಿಸಿ, "ಈ ಸೆಂಟ್ರಿಂಗ್ ಯಾವಾಗ ಬಿಚ್ಚತೀರಿ?" ಎಂದು ಕೇಳಿದ್ದೆ. ಅವರು ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಗೋಡೆಗೆ ಒಂದು ಗೀಟು ಎಳೆದರು.

"ಗಡಬಡಿ ಮಾಡಬ್ಯಾಡ್ರಿ ಅಕ್ಕಾರ. ದಿನಕ್ಕೊಂದರಂಗ ಇಪ್ಪತ್ತೊಂದು ಗೀಟ ಆಗಲಿ."

ಹೋದ ವರ್ಷ ಅವರೇ ಏಣಿಯಿಂದ ಜಾರಿ ಬಿದ್ದು, ಸೊಂಟದ ಹತ್ತಿರ ಬೆನ್ನುಮೂಳೆಯ ಒಂದು ಮಣಿ ಕುಸಿಯಿತು. ವಿಜಯಪುರದ ಡಾಕ್ಟರು ಸದ್ಯಕ್ಕೆ ಗುಳಿಗೆ, ಸೊಂಟಕ್ಕೆ ಬೆಲ್ಟು, ಆರು ವಾರ ವಿಶ್ರಾಂತಿ ಸಾಕು, ನೋವು ಇಳಿಯದಿದ್ದರೆ ಸೂಜಿಯಿಂದ ಮಣಿಯೊಳಗೆ ಸಿಮೆಂಟು ತುಂಬೋಣ ಎಂದರು.

ಸಿಮೆಂಟು ಎಂದದ್ದೇ ತಡ, ಗೌಂಡಿ ನೋವು ಮರೆತರು. "ಎಷ್ಟ ದಿನಾ ನೀರ ಹೊಡೀಬೇಕ್ರಿ?"

"ಹತ್ತಿಪ್ಪತ್ತು ನಿಮಿಷದಾಗ ಗಟ್ಟಿ ಆಗತೈತಿ."

"ಹಂಗಾರ ಅದು ಸಿಮೆಂಟ ಅಲ್ಲ ಬಿಡ್ರಿ ಸಾಹೇಬ್ರ. ಬೆಲ್ಟ ಕೊಡ್ರಿ."

ಮೂರನೆಯ ದಿನ ನಾನು ನೋಡಲು ಹೋದರೆ ಬೆಲ್ಟು ಗೂಟದಲ್ಲಿತ್ತು. ಗೌಂಡಿ ಬಗ್ಗಿ ಚಪ್ಪಲಿ ಹುಡುಕುತ್ತಿದ್ದರು. "ತಿಕೋಟಾದಾಗ ಸ್ಲ್ಯಾಬ್ ಐತ್ರಿ ಅಕ್ಕಾರ, ಬರೇ ನಿಂತ ನೋಡಿ ಬರತೇನಿ."

ಹೆಂಡತಿ ಬೆಲ್ಟು ಹಿಡಿದು ಬಾಗಿಲಿಗೆ ಅಡ್ಡ ನಿಂತರು. "ಮತ್ತ ಕುಸದ್ರ ಕಾಲ ಹೋದಾವು ಅಂತ ಡಾಕ್ಟರ ಹೇಳ್ಯಾರ. ಮಂದಿ ಮನಿಗಿ ಇಪ್ಪತ್ತೊಂದ ದಿನ, ನಿಮ್ಮ ಬೆನ್ನಿಗಿ ಮೂರೇ ಏನ್ರಿ? ಸೆಂಟ್ರಿಂಗ್ ಯಾರನ್ನ ಕೇಳಿ ಬಿಚ್ಚಿದ್ರಿ?"

ಗೌಂಡಿ ನನ್ನ ಮುಖ ನೋಡಿದರು. ಬೆಲ್ಟು ಕಟ್ಟಿಸಿಕೊಂಡು, ಕಿವಿಯ ಪೆನ್ಸಿಲ್ ತೆಗೆದು ಹಾಸಿಗೆಯ ಪಕ್ಕದ ಗೋಡೆಗೆ ಒಂದು ಗೀಟು ಎಳೆದರು.

ಆರು ವಾರ ಕಳೆದು ಡಾಕ್ಟರು, "ಇನ್ನ ಬೆಲ್ಟ ಬಿಚ್ರಿ," ಎಂದಾಗ ಗೌಂಡಿಯೇ ಅವರನ್ನು ಸಮಾಧಾನ ಮಾಡಿದರಂತೆ.

"ಗಡಬಡಿ ಮಾಡಬ್ಯಾಡ್ರಿ ಸಾಹೇಬ್ರ. ಇನ್ನೊಂದ ನಾಕ ಗೀಟ ಆಗಲಿ."